ಫೆಬ್ರುವರಿ ಕೊನೆಯ ಕೈತೋಟ: ನಿಮ್ಮ ಕಡೆ ಗಿಡಗಳು ಹೇಗಿವೆ?

ಡೊಂಬಿವಲಿ ಬಾಲ್ಕನಿ:

ಎಲ್ಲರಿಗೂ ನಮಸ್ಕಾರ. ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ, ನಾಲ್ಕನೆಯ ಮಹಡಿಯಲ್ಲಿರುವ ನಮ್ಮ ಮನೆಗೆ ದಕ್ಷಿಣ ದಿಕ್ಕಿನ ಬಾಲ್ಕನಿಯಿದ್ದು, ಅಲ್ಲಿ 16 ಕುಂಡಗಳನ್ನು ಇಟ್ಟಿದ್ದೇನೆ. ಊರು ಉಡುಪಿಯ ಕಡೆಯಾದ್ದರಿಂದ, ಅಮ್ಮ ಕೊಟ್ಟು ಕಳುಹಿಸಿದ ಶಂಕರಪುರ ಮಲ್ಲಿಗೆಯ ಎರಡು ಗಿಡಗಳನ್ನು ಮೂರು ವರ್ಷಗಳಿಂದ ಜೋಪಾನ ಮಾಡುತ್ತಿದ್ದೇನೆ. ಜನವರಿಯ ಮೊದಲ ವಾರದಲ್ಲಿ ಗೆಲ್ಲುಗಳನ್ನು ಸವರಿ, ಚೆನ್ನಾಗಿ ಕಳಿತ ಸೆಗಣಿ ಗೊಬ್ಬರ ಕೊಟ್ಟೆ. ಚಿಗುರೇನೋ ಬಂದಿದೆ; ಆದರೆ ಗೆಲ್ಲುಗಳು ಸಪೂರವಾಗಿ ಉದ್ದಕ್ಕೆ ಬೆಳೆಯುತ್ತಿವೆಯೇ ಹೊರತು ಮೊಗ್ಗಿನ ಸುಳಿವಿಲ್ಲ. ಟೊಮೇಟೊ ಹೂಗಳು ಕಾಯಿ ಕಚ್ಚದೆ ತೊಟ್ಟಿನ ಸಮೇತ ಉದುರುತ್ತಿವೆ. ಕೊತ್ತಂಬರಿಯಂತೂ ಒಂದು ಸಾರಿಗೆ ಆಗುವಷ್ಟು ಎಲೆ ಕೊಡುವ ಮೊದಲೇ ಹೂ ಬಿಟ್ಟಿತು. ಇದೇ ಪೊಟ್ಟಣದ ಟೊಮೇಟೊ ಬೀಜವನ್ನು ಪುಣೆಯಲ್ಲಿರುವ ನನ್ನ ಅಕ್ಕನೂ ಬಿತ್ತಿದ್ದಳು. ಅವಳ ಗಿಡಗಳಲ್ಲಿ ಈಗಲೂ ಗೊಂಚಲು ಗೊಂಚಲಾಗಿ ಕಾಯಿಗಳಿವೆ. ನಾನು ಎಲ್ಲಿ ತಪ್ಪಿದೆ? ನಿಮ್ಮ ಕೈತೋಟಗಳಲ್ಲಿ ಈಗ ಏನು ನಡೆದಿದೆ, ಮುಂದಕ್ಕೆ ಏನು ಬಿತ್ತುತ್ತಿದ್ದೀರಿ ಎಂಬುದನ್ನು ದಯವಿಟ್ಟು ತಿಳಿಸಿ.

ಕೋಥರೂಡ್ ತಾರಸಿ:

ಟೊಮೇಟೊ ವಿಷಯದಲ್ಲಿ ನಿಮ್ಮ ತಪ್ಪೇನೂ ಇಲ್ಲ. ಹಗಲಿನ ಉಷ್ಣತೆ 32 ಡಿಗ್ರಿಯನ್ನು ದಾಟಿ, ರಾತ್ರಿಯೂ 21 ಡಿಗ್ರಿಗಿಂತ ಕೆಳಗೆ ಇಳಿಯದೆ ಹೋದರೆ ಟೊಮೇಟೊ ಹೂವಿನ ಪರಾಗ ಸತ್ವ ಕಳೆದುಕೊಳ್ಳುತ್ತದೆ, ಹೂ ಉದುರುತ್ತದೆ. ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿರುವ ಪುಣೆಯಲ್ಲಿ ಗಾಳಿ ಒಣಗಿರುವುದರಿಂದ, ಮಧ್ಯಾಹ್ನ ಎಷ್ಟೇ ಬಿಸಿಲಿದ್ದರೂ ಈ ತಿಂಗಳಲ್ಲಿ ರಾತ್ರಿ ತಂಪಾಗುತ್ತದೆ. ನಿಮ್ಮ ಅಕ್ಕನ ಗಿಡಗಳನ್ನು ಕಾಯುತ್ತಿರುವುದು ಆ ತಂಪು. ನಿಮ್ಮಲ್ಲಿ ಸಮುದ್ರದ ತೇವ ರಾತ್ರಿಯ ಶಾಖವನ್ನು ಬೇಗ ಹೋಗಗೊಡುವುದಿಲ್ಲ. ಮುಂದಿನ ಸಲ ದೀಪಾವಳಿಯವರೆಗೆ ಕಾಯದೆ, ಸೆಪ್ಟೆಂಬರಿನಲ್ಲಿಯೇ ಸಸಿ ಮಾಡಿಕೊಂಡರೆ ಚಳಿಗಾಲ ಪೂರ್ತಿ ಕಾಯಿ ಸಿಗುತ್ತದೆ.

ಹಾಗೆಂದು ಇಲ್ಲಿ ಪುಣೆಯ ಕೋಥರೂಡಿನಲ್ಲಿ ಎಲ್ಲವೂ ಸುಖವಾಗಿದೆ ಎಂದು ತಿಳಿಯಬೇಡಿ. ಒಣ ಹವೆಯಲ್ಲಿ ನುಸಿಯ ಕಾಟ ಹೆಚ್ಚು. ನನ್ನ ಗುಲಾಬಿ ಮತ್ತು ಬದನೆಯ ಎಲೆಗಳ ಅಡಿಯಲ್ಲಿ ಜೇಡ ನುಸಿಯ ತೆಳುವಾದ ಬಲೆ ಆಗಲೇ ಕಾಣಿಸಿದೆ. ಎರಡು ದಿನಕ್ಕೊಮ್ಮೆ ಬೆಳಗ್ಗೆ ಎಲೆಯ ಅಡಿಭಾಗಕ್ಕೆ ನೀರನ್ನು ಜೋರಾಗಿ ಚಿಮುಕಿಸುತ್ತೇನೆ. ಅದಕ್ಕೂ ಬಗ್ಗದಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಸಾಬೂನು ನೀರು ಬೆರೆಸಿ ಸಂಜೆ ಸಿಂಪಡಿಸುತ್ತೇನೆ. ಚಳಿಗೆ ಮುದುಡಿ ಎಲೆ ಉದುರಿಸಿದ್ದ ಕರಿಬೇವು ಈ ವಾರ ಚಿಗುರಿರುವುದನ್ನು ಕಂಡು ನಿಜಕ್ಕೂ ಬಹಳ ಸಂತೋಷವಾಯಿತು.

ಫೋಂಡಾ ಹಿತ್ತಿಲು:

ಗೋವಾದಲ್ಲಿ ನಮಗೆ ಕುಂಡಗಳ ಬದಲು ನೆಲವಿದೆ, ಆದರೆ ಅದು ಮುರಕಲ್ಲಿನ ನೆಲ. ಮಳೆಗಾಲದಲ್ಲಿ ಎಷ್ಟೇ ನೀರು ಸುರಿದರೂ ಬಸಿದುಹೋಗುತ್ತದೆ, ಮಾರ್ಚ್ ಬರುವಷ್ಟರಲ್ಲಿ ಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಅದಕ್ಕಾಗಿ ಈಗಲೇ ಗೇರು ಮತ್ತು ಹಲಸಿನ ದರಗಲೆಗಳನ್ನು ಗುಡಿಸಿ ತಂದು, ಪ್ರತಿ ಗಿಡದ ಬುಡಕ್ಕೂ ಒಂದು ಗೇಣು ದಪ್ಪಕ್ಕೆ ಹೊದಿಸುತ್ತಿದ್ದೇವೆ. ನನ್ನ ಅನುಭವದಲ್ಲಿ ಬೇಸಿಗೆಯ ತೋಟಕ್ಕೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಯಾವುದೂ ಇಲ್ಲ.

ಹಿತ್ತಿಲಿನ ಮಾನಕುರಾದ್ ಮಾವು ಮಿಡಿ ಹಿಡಿದಿದೆ. ಹೂ ಬಿಡುವ ದಿನಗಳಲ್ಲಿ ಇಬ್ಬನಿ ಬಿದ್ದು ಒಂದು ಬದಿಯ ಹೂಗೊಂಚಲುಗಳಿಗೆ ಬೂದಿ ರೋಗ ತಗುಲಿತ್ತು; ಅವುಗಳನ್ನು ಕತ್ತರಿಸಿ ತೆಗೆದೆವು. ಹೂವಿದ್ದಾಗ ಮರಕ್ಕೆ ನೀರು ಕೊಡದೆ, ಮಿಡಿಗಳು ಬಟಾಣಿ ಗಾತ್ರಕ್ಕೆ ಬಂದ ಮೇಲೆ ಕೊಡಲಾರಂಭಿಸಿದ್ದೇವೆ. ಇಲ್ಲಿ ತಾಂಬಡಿ ಭಾಜಿ ಎಂದು ಕರೆಯುವ ಕೆಂಪು ಹರಿವೆ ಬಿತ್ತಿದ ಒಂದು ತಿಂಗಳಿಗೆ ಕೀಳಲು ಬರುತ್ತದೆ. ಡೊಂಬಿವಲಿಯವರು ಕೊತ್ತಂಬರಿಯನ್ನು ಬಿಟ್ಟು ಇದನ್ನೂ ಬಸಳೆಯನ್ನೂ ಹಾಕಬಹುದು. ಎರಡಕ್ಕೂ ಸೆಕೆಯೇ ಬೇಕು.

ಮುಲುಂಡ್ ಕಿಟಕಿತೋಟ:

ಮಲ್ಲಿಗೆಯ ಪ್ರಶ್ನೆಗೆ ಉತ್ತರ ನಿಮ್ಮ ಮೊದಲ ಸಾಲುಗಳಲ್ಲಿಯೇ ಇದೆ ಎಂದು ನನಗೆ ತೋರುತ್ತದೆ: ದಕ್ಷಿಣದ ಬಾಲ್ಕನಿ. ಮಲ್ಲಿಗೆ ಹೊಸ ಚಿಗುರಿನ ತುದಿಯಲ್ಲಿ ಮೊಗ್ಗು ಕಟ್ಟುವ ಗಿಡ. ನೀವು ಸವರಿದ್ದು ಸರಿ, ಗೊಬ್ಬರ ಕೊಟ್ಟದ್ದೂ ಸರಿ. ಆದರೆ ದಿನಕ್ಕೆ ಐದಾರು ಗಂಟೆಯ ನೇರ ಬಿಸಿಲಿಲ್ಲದಿದ್ದರೆ ಆ ಚಿಗುರು ಬೆಳಕನ್ನು ಹುಡುಕಿಕೊಂಡು ಉದ್ದವಾಗುತ್ತದೆ.

ಡಿಸೆಂಬರಿನಲ್ಲಿ ನಮ್ಮ ಮುಂಬಯಿ ಕಡೆಯ ಆಕಾಶದಲ್ಲಿ ನಡು ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿಕೊಂಡು ಸುಮಾರು 48 ಡಿಗ್ರಿ ಎತ್ತರದಲ್ಲಿರುತ್ತಾನೆ. ಚಾವಣಿ 9 ಅಡಿ ಎತ್ತರವಿದ್ದರೆ ಬಿಸಿಲು ಬಾಲ್ಕನಿಯ ಅಂಚಿನಿಂದ 8 ಅಡಿ ಒಳಗೆ ಬರುತ್ತದೆ. ಉತ್ತರಾಯಣ ಮುಂದುವರಿದಂತೆ ಸೂರ್ಯ ಮೇಲೇರುತ್ತಾನೆ, ಮೇಲಿನ ಮಹಡಿಯ ಚಪ್ಪಡಿ ಅಡ್ಡವಾಗುತ್ತದೆ. ಫೆಬ್ರುವರಿ ಕೊನೆಗೆ ಬಿಸಿಲು 5 ಅಡಿಯೊಳಗೆ, ಮಾರ್ಚ್ 21ರ ಸುಮಾರಿಗೆ 3 ಅಡಿಗೆ, ಏಪ್ರಿಲ್ ಕೊನೆಗೆ ಹೆಚ್ಚುಕಡಿಮೆ 1 ಅಡಿಗೆ ಸರಿಯುತ್ತದೆ. ಮೇ ನಡುವಿನಲ್ಲಿ ಮುಂಬಯಿಯ ಸೂರ್ಯ ನೆತ್ತಿಯನ್ನು ದಾಟಿ ಉತ್ತರಕ್ಕೆ ಹೋಗುತ್ತಾನೆ. ಊರೆಲ್ಲ ಬಿಸಿಲಿಗೆ ಬೇಯುವ ಕಾಲದಲ್ಲಿಯೇ ದಕ್ಷಿಣದ ಬಾಲ್ಕನಿ ನೆರಳಾಗುವುದು ಹೀಗೆ. ಇದು ತಿಳಿಯುವ ಮೊದಲು ನಾನು ಎರಡು ಮಲ್ಲಿಗೆ ಗಿಡಗಳನ್ನು ಗೊಬ್ಬರ ಹಾಕಿ ಹಾಕಿಯೇ ಕಳೆದುಕೊಂಡೆ. ಆ ದುಃಖ ನಿಮಗೆ ಬರಬಾರದು. ಕುಂಡಗಳನ್ನು ಗೋಡೆಯ ಬದಿಯಿಂದ ಕಟಕಟೆಯ ಬದಿಗೆ ತನ್ನಿ, ಸಾಧ್ಯವಿದ್ದರೆ ಪಶ್ಚಿಮದ ಕಿಟಕಿಗೆ ಸಾಗಿಸಿ. ಉದ್ದವಾದ ಚಿಗುರುಗಳ ತುದಿಯನ್ನು ಚಿವುಟಿ.

ಡೊಂಬಿವಲಿ ಬಾಲ್ಕನಿ:

ತುಂಬ ಉಪಕಾರವಾಯಿತು. ಇಂದು ಹನ್ನೆರಡೂವರೆಗೆ ನೆಲದ ಮೇಲೆ ಸೀಮೆಸುಣ್ಣದಿಂದ ಬಿಸಿಲಿನ ಗೆರೆ ಎಳೆದು ನೋಡಿದೆ. ಮಲ್ಲಿಗೆಯ ಎರಡೂ ಕುಂಡಗಳು ಗೆರೆಯಿಂದ ಒಂದು ಅಡಿ ಒಳಗೆ, ಪೂರ್ತಿ ನೆರಳಿನಲ್ಲಿದ್ದವು. ಅಡುಗೆಮನೆಯ ಕಿಟಕಿ ಪಶ್ಚಿಮಕ್ಕಿದೆ, ಅದರ ಗ್ರಿಲ್ ಎರಡು ಕುಂಡಗಳ ಭಾರವನ್ನು ತಡೆಯುತ್ತದೆ. ಆದರೆ ಅಲ್ಲಿ ಮೂರು ಗಂಟೆಯ ಬಿಸಿಲು ಬಹಳ ಕಟು. ನೆರಳಿನಲ್ಲಿದ್ದ ಗಿಡ ಸುಟ್ಟುಹೋಗಲಾರದೇ?

ಮುಲುಂಡ್ ಕಿಟಕಿತೋಟ:

ಒಮ್ಮೆಲೇ ಇಟ್ಟರೆ ಎಳೆಯ ಎಲೆಗಳು ಸುಡುತ್ತವೆ. ಮೊದಲ ವಾರ ಮಧ್ಯಾಹ್ನದ ಹೊತ್ತು ಹಳೆಯ ಹತ್ತಿ ಪಂಚೆಯೊಂದನ್ನು ಗ್ರಿಲ್‌ಗೆ ಮರೆ ಕಟ್ಟಿ, ಆಮೇಲೆ ತೆಗೆದುಬಿಡಿ. ಪ್ಲಾಸ್ಟಿಕ್ ಕುಂಡವಾದರೆ ಹೊರಮೈಗೆ ಗೋಣಿತಾಟು ಸುತ್ತಿ, ಬೇರು ಬಿಸಿಯಾಗುವುದಿಲ್ಲ. ನೀರನ್ನು ಬೆಳಗ್ಗೆ ಎಂಟರೊಳಗೆ ಕೊಡಿ. ಸವರಿದ ಮೇಲೆ ಬಿಸಿಲು ಸಿಕ್ಕ ನನ್ನ ಗಿಡಗಳು ಮೊಗ್ಗಿಗೆ ಒಂದೂವರೆ ತಿಂಗಳು ತೆಗೆದುಕೊಂಡವು. ನೀವು ಈಗ ತುದಿ ಚಿವುಟಿದರೆ ಏಪ್ರಿಲ್ ನಡುವಿಗೆ ಮಾಲೆ ಕಟ್ಟುವಷ್ಟು ಹೂ ನಿರೀಕ್ಷಿಸಬಹುದು.