ಯಜಮಾನರಿಗೆ ಪೀಣ್ಯ, ನನಗೆ ತುಮಕೂರು: ಮನೆ ಎಲ್ಲಿ ಮಾಡೋದು?

ಪ್ರಶ್ನೆ:
ನಮಸ್ಕಾರ ಅಣ್ಣ. ಬಾಡಿಗೆ, ಭೋಗ್ಯದ ವಿಷಯ ಕೇಳಿದರೆ ಗುಂಪಿನಲ್ಲಿ ನೀವೇ ಬಿಡಿಸಿ ಹೇಳುತ್ತೀರಿ, ಅದಕ್ಕೆ ಬರೆಯುತ್ತಿದ್ದೇನೆ. ನಾವು ಈಗ ಬೆಂಗಳೂರಿನ ದಾಸರಹಳ್ಳಿಯಲ್ಲಿ ಇದ್ದೇವೆ. ಯಜಮಾನರಿಗೆ ಪೀಣ್ಯದ ಫ್ಯಾಕ್ಟರಿಯಲ್ಲಿ ಕೆಲಸ, ವಾರಕ್ಕೊಂದು ಶಿಫ್ಟ್. ನನಗೆ ಈ ತಿಂಗಳು ತುಮಕೂರಿಗೆ ವರ್ಗ ಆಗಿದೆ, ಆಫೀಸು ಬಿ.ಎಚ್. ರಸ್ತೆಯಲ್ಲಿ. ಮಗಳು ನಾಲ್ಕನೇ ಕ್ಲಾಸು. ಅತ್ತೆಗೆ ಮಂಡಿ ನೋವು, ಮೆಟ್ಟಿಲು ಹತ್ತೋಕೆ ಆಗುವುದಿಲ್ಲ. ಯಜಮಾನರು ನೆಲಮಂಗಲದಲ್ಲಿ ಮನೆ ಮಾಡೋಣ, ಇಬ್ಬರಿಗೂ ಮಧ್ಯ ಆಗುತ್ತದೆ, ಜಗಳವೇ ಇರುವುದಿಲ್ಲ ಅಂತಾರೆ. ನೀವೇನಂತೀರಿ? ತುಮಕೂರಿಗೇ ಬಂದರೆ ಯಾವ ಏರಿಯಾ ನೋಡಬೇಕು?

ಉತ್ತರ:
ನಮಸ್ಕಾರ ಅಕ್ಕ. ಮೊದಲೇ ಒಂದು ಮಾತು. ನಾನು ಮನೆ ಬ್ರೋಕರ್. ನೀವು ತುಮಕೂರಲ್ಲಿ ಮನೆ ಹಿಡಿದರೆ ನನಗೆ ಒಂದು ತಿಂಗಳ ಬಾಡಿಗೆ ಕಮಿಷನ್, ನೆಲಮಂಗಲದಲ್ಲಿ ಹಿಡಿದರೆ ಸೊನ್ನೆ. ಅದನ್ನು ತಲೆಯಲ್ಲಿ ಇಟ್ಟುಕೊಂಡೇ ಮುಂದೆ ಓದಿ.

ಗಂಡ ಹೆಂಡತಿ ಇಬ್ಬರಿಗೂ ಬೇರೆ ಬೇರೆ ಊರಲ್ಲಿ ಕೆಲಸ ಇದ್ದಾಗ ಎಲ್ಲರೂ ಮೊದಲು ಹುಡುಕುವುದು ಈ ಮಧ್ಯದ ಊರನ್ನೇ. ಕೇಳೋಕೆ ನ್ಯಾಯವಾಗಿದೆ. ಆದರೆ ನೆಲಮಂಗಲ ನಿಮಗೆ ಮಧ್ಯ ಅಲ್ಲವೇ ಅಲ್ಲ. ಪೀಣ್ಯಕ್ಕೆ ಹತ್ತಿರ, ತುಮಕೂರಿಗೆ 40 ಕಿಲೋಮೀಟರ್ ಮೇಲೆ. ಇನ್ನೊಂದು ವಿಷಯ ಬಹಳ ಜನಕ್ಕೆ ಅಡ್ವಾನ್ಸ್ ಕೊಟ್ಟ ಮೇಲೆ ಗೊತ್ತಾಗುತ್ತದೆ: ನೆಲಮಂಗಲದ ರೈಲ್ವೆ ಸ್ಟೇಷನ್ ತುಮಕೂರು ಲೈನಿನಲ್ಲಿ ಇಲ್ಲ. ಚಿಕ್ಕಬಾಣಾವರ ದಾಟಿದ ಮೇಲೆ ಹಳಿ ಎರಡಾಗುತ್ತದೆ. ಒಂದು ದಾಬಸ್‌ಪೇಟೆ, ಹಿರೇಹಳ್ಳಿ, ಕ್ಯಾತಸಂದ್ರ ಮೇಲೆ ತುಮಕೂರಿಗೆ. ಇನ್ನೊಂದು ನೆಲಮಂಗಲ, ಕುಣಿಗಲ್ ಮೇಲೆ ಹಾಸನಕ್ಕೆ. ಅಂದರೆ ನೀವು ನೆಲಮಂಗಲದಲ್ಲಿದ್ದರೆ ತುಮಕೂರಿಗೆ ಬಸ್ಸೊಂದೇ ಗತಿ. ಆ ರಸ್ತೆಯಲ್ಲೋ ಆರು ಲೇನ್ ಕೆಲಸ ಅಂತ ಅಗೆದದ್ದು, ತಿರುಗಿಸಿದ್ದು ನೋಡಿ ನೋಡಿ ನಮಗೆಲ್ಲ ಸಾಕಾಗಿದೆ.

ದೂರ ಬಿಡಿ. ನಾನು ಎಲ್ಲರಿಗೂ ಕೇಳುವ ಪ್ರಶ್ನೆ ಒಂದೇ. ಮಧ್ಯಾಹ್ನ ಹನ್ನೆರಡಕ್ಕೆ ಸ್ಕೂಲಿನಿಂದ ಫೋನ್ ಬರುತ್ತದೆ, ಮಗುವಿಗೆ ಜ್ವರ, ಕರೆದುಕೊಂಡು ಹೋಗಿ ಅಂತ. ಆಗ ಯಾರು ಹೋಗುತ್ತೀರಿ? ನೆಲಮಂಗಲದಲ್ಲಿದ್ದರೆ ಇಬ್ಬರೂ ಬೇರೆ ಊರಲ್ಲಿ ಇರುತ್ತೀರಿ, ಮನೆಯಲ್ಲಿ ಇರುವುದು ಮಂಡಿ ನೋವಿನ ಅತ್ತೆ. ಹಾಗಾಗಿ ಇಬ್ಬರಲ್ಲಿ ಒಬ್ಬರಿಗೆ ಮನೆ ಹತ್ತಿರವೇ ಇರಬೇಕು. ಇನ್ನೊಬ್ಬರು ಓಡಾಡಬೇಕು. ಆ ಓಡಾಡುವವರು ಯಾರು ಅಂತ ತೀರ್ಮಾನ ಮಾಡಿ, ಏರಿಯಾ ಆಮೇಲೆ.

ಈಗ ನನ್ನ ಕಮಿಷನ್‌ಗೆ ನಾನೇ ಕಲ್ಲು ಹಾಕಿಕೊಳ್ಳುತ್ತೇನೆ. ಯಜಮಾನರದ್ದು ವಾರಕ್ಕೊಂದು ಶಿಫ್ಟ್ ಅಂದಿರಿ. ಬೆಳಗಿನ ಶಿಫ್ಟ್ ಆರಕ್ಕೆ ಅಂತಾದರೆ ತುಮಕೂರಿನಿಂದ ನಾಲ್ಕೂವರೆ ಒಳಗೆ ಹೊರಡಬೇಕು. ರೈಲು ಅವರ ಕೆಲಸಕ್ಕೆ ಬರುವುದಿಲ್ಲ, ಯಶವಂತಪುರದವರೆಗೆ ಹೋಗಿ ಮತ್ತೆ ಮೆಟ್ರೋದಲ್ಲಿ ಪೀಣ್ಯಕ್ಕೆ ಹಿಂದೆ ಬರಬೇಕು. ಬಸ್ಸೇ ನೇರ. ಒಂದು ವಾರ ಮಾಡಬಹುದು, ವರ್ಷ ಮಾಡೋಕೆ ಆಗುತ್ತದಾ? ಅದೇ ನೀವು ದಾಸರಹಳ್ಳಿಯಿಂದ ತುಮಕೂರಿಗೆ ಬರುವುದು ಉಲ್ಟಾ ದಿಕ್ಕು. ಬೆಳಿಗ್ಗೆ ಊರೆಲ್ಲ ಬೆಂಗಳೂರಿಗೆ ನುಗ್ಗುತ್ತಿರುವಾಗ ನೀವು ಈ ಕಡೆ ಬರುತ್ತೀರಿ, ಸೀಟು ಸಿಗುವ ಸಾಧ್ಯತೆ ಜಾಸ್ತಿ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಸಾಮಾನ್ಯ ಕೆಂಪು ಬಸ್ಸಿನಲ್ಲಿ ನಿಮಗೆ ಟಿಕೆಟ್ ದುಡ್ಡೂ ಇಲ್ಲ. ಒಂದೇ ತೊಂದರೆ. ಮೆಜೆಸ್ಟಿಕ್‌ನಿಂದ ಬರುವ ಬಸ್ಸು ಗೊರಗುಂಟೆಪಾಳ್ಯದಲ್ಲಿ ಫ್ಲೈಓವರ್ ಹತ್ತಿಬಿಟ್ಟರೆ ದಾಸರಹಳ್ಳಿಯವರ ತಲೆ ಮೇಲೇ ಹೊರಟು ಹೋಗುತ್ತದೆ. ಕೆಳಗಿನ ರಸ್ತೆಯಲ್ಲಿ ಬರುವ ಬಸ್ಸಿಗೆ ಕಾಯಬೇಕು, ಇಲ್ಲ ಮೆಟ್ರೋ ಹತ್ತಿ ಮಾದಾವರದಲ್ಲಿ ಇಳಿದು ಅಲ್ಲಿ ಹಿಡಿಯಬೇಕು. ಒಂದು ವಾರ ಎರಡೂ ಮಾಡಿ ನೋಡಿ.

ಹಾಗಾಗಿ ಮೊದಲು ಯಜಮಾನರ ಕಂಪನಿ ಬಸ್ಸು ಎಲ್ಲಿಯವರೆಗೆ ಬರುತ್ತದೆ ಕೇಳಿ. ಬಸ್ಸೂ ಇಲ್ಲ, ಶಿಫ್ಟೂ ಬದಲಾಗುವುದಿಲ್ಲ ಅಂದರೆ ದಾಸರಹಳ್ಳಿಯಲ್ಲೇ ಇರಿ. ಶಾಲೆ ವರ್ಷದ ನಡುವೆ ಮಗಳನ್ನು ಕೀಳುವುದೂ ತಪ್ಪುತ್ತದೆ.

ತುಮಕೂರಿಗೇ ಬರುತ್ತೇವೆ ಅಂದರೆ ಅದರ ಲೆಕ್ಕ ಬೇರೆ. ಬೆಂಗಳೂರಿಗೆ ರೈಲಿನಲ್ಲಿ ಹೋಗುವವರಿಗೆ ನಾನು ಗಾಂಧಿನಗರ, ಸೋಮೇಶ್ವರಪುರಂ, ಎಸ್‌ಐಟಿ ಬಡಾವಣೆ ತೋರಿಸುತ್ತೇನೆ, ಸ್ಟೇಷನ್ ಹತ್ತಿರ ಅಂತ. ಬಾಡಿಗೆಯೂ ಅದಕ್ಕೆ ತಕ್ಕ ಹಾಗೆ ಬಿಗಿ, ಕಾಲೇಜು ಹುಡುಗರ ಪಿ.ಜಿ. ಗಲಾಟೆ ಬೇರೆ. ಆದರೆ ನಿಮ್ಮ ಯಜಮಾನರಿಗೆ ಬೇಕಿರುವುದು ಹೆದ್ದಾರಿ. ಹಾಗಾಗಿ ಬಟವಾಡಿ, ಕ್ಯಾತಸಂದ್ರ ನೋಡಿ. ಎರಡನೇ ಶಿಫ್ಟ್ ಮುಗಿಸಿ ರಾತ್ರಿ ಹತ್ತೂವರೆಗೆ ಬಸ್ಸು ಹತ್ತಿದರೆ ದಾವಣಗೆರೆ, ಹುಬ್ಬಳ್ಳಿ ಕಡೆಯ ಬಸ್ಸೇ ಸಿಗುವುದು. ಅದರಲ್ಲಿ ಕೆಲವು ಊರೊಳಗೆ ಬರುವುದೇ ಇಲ್ಲ, ಹೆದ್ದಾರಿಯಲ್ಲೇ ಇಳಿಸಿ ಹೋಗುತ್ತಾರೆ. ಆ ಹೊತ್ತಿನಲ್ಲಿ ಶೆಟ್ಟಿಹಳ್ಳಿಯಲ್ಲೋ ಮರಳೂರಲ್ಲೋ ಮನೆ ಇದ್ದರೆ ಆಟೋದವನು ಕೇಳಿದ್ದೇ ರೇಟು. ಹಳಿಯ ಆ ಕಡೆ ಮನೆ ನೋಡುವವರು ಅಂಡರ್‌ಪಾಸ್‌ನಲ್ಲಿ ಮಳೆ ನೀರು ಎಷ್ಟು ಹೊತ್ತು ನಿಲ್ಲುತ್ತದೆ ಅಂತಲೂ ಅಲ್ಲಿನವರನ್ನು ಕೇಳಿ.

ಕ್ಯಾತಸಂದ್ರದಿಂದ ನಿಮ್ಮ ಆಫೀಸಿಗೂ ಬಿ.ಎಚ್. ರಸ್ತೆ ಒಂದೇ ಗೆರೆ. ತಟ್ಟೆ ಇಡ್ಲಿ ಬೋನಸ್. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆ ಜಾತ್ರೆ ಇರುತ್ತದೆ, ಆ ದಿನಗಳಲ್ಲಿ ಗಾಡಿ ಆಚೆ ತೆಗೆಯೋದು ಕಷ್ಟ. ಅಷ್ಟು ಸಹಿಸಿಕೊಳ್ಳಿ.

ಇನ್ನೊಬ್ಬರ ಪ್ರಶ್ನೆ:
ಸಾರ್, ಕಾರಲ್ಲಿ ಓಡಾಡಿದರೆ? ಈಗ ಫಾಸ್ಟ್ಯಾಗ್ ವರ್ಷದ ಪಾಸ್ ಬಂದಿದೆಯಲ್ಲ. ವರ್ಷ ಪೂರ್ತಿ ಟೋಲ್ ಚಿಂತೆ ಇಲ್ಲ ಅಲ್ವಾ?

ಉತ್ತರ:
ವರ್ಷ ಪೂರ್ತಿ ಅಲ್ಲ ಸಾರ್. ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲೋ ಅದು. ನಮ್ಮ ರಸ್ತೆಯಲ್ಲಿ ಒಂದು ಟೋಲ್ ದಾಟಿದರೆ ಒಂದು ಟ್ರಿಪ್. ಕ್ಯಾತಸಂದ್ರದ್ದು ಒಂದು, ನೆಲಮಂಗಲದ್ದು ಒಂದು, ಹೋಗಿ ಬಂದರೆ ದಿನಕ್ಕೆ 4. ಅಂದರೆ 50 ದಿನಕ್ಕೆ ಪಾಸ್ ಖಾಲಿ. ಫ್ಲೈಓವರ್ ಹತ್ತಿ ಅಲ್ಲಿನ ಟೋಲನ್ನೂ ದಾಟಿದರೆ ಇನ್ನೂ ಬೇಗ. ತಿಂಗಳಿಗೊಮ್ಮೆ ಅಜ್ಜಿ ಮನೆಗೆ ಹೋಗುವವರಿಗೆ ಆ ಪಾಸ್ ಚೆನ್ನ. ದಿನಾ ಹೋಗುವವರು ಟೋಲ್ ಸುತ್ತ 20 ಕಿಲೋಮೀಟರ್ ಒಳಗೆ ಮನೆ ಇರುವವರಿಗೆ ಸಿಗುವ ಲೋಕಲ್ ತಿಂಗಳ ಪಾಸ್ ಕೇಳಿ. ಮನೆ ವಿಳಾಸದ ದಾಖಲೆ ಬೇಕು. ಅದು ಆ ಒಂದು ಟೋಲಿಗೆ ಮಾತ್ರ, ಎರಡಕ್ಕೂ ಅಲ್ಲ.

ಇನ್ನೊಬ್ಬರು:
ಒಂಬತ್ತು ವರ್ಷ ತುಮಕೂರಿನಿಂದ ಮಲ್ಲೇಶ್ವರಕ್ಕೆ ರೈಲಲ್ಲಿ ಓಡಾಡಿದವನು ನಾನು. ಬ್ರೋಕರ್ ಮಾತು ಕೇಳಿ ಖುಷಿಯಾಗಬೇಡಿ. ಪಾಸ್ ಅಗ್ಗ, ಒಪ್ಪುತ್ತೇನೆ. ಗೆಳೆಯರ ಗುಂಪು, ಹರಟೆ, ಇಸ್ಪೀಟು, ರೈಲಿಗೇ ಹುಟ್ಟುಹಬ್ಬ ಮಾಡಿದ ಊರು ನಮ್ಮದು. ಆದರೆ ಮಗ ಎದ್ದಿರುವುದನ್ನು ನಾನು ನೋಡುತ್ತಿದ್ದುದು ಭಾನುವಾರ ಮಾತ್ರ. ಒಂದು ದಿನ ಅವನು ಪಕ್ಕದ ಮನೆಯವರಿಗೆ "ನಮ್ಮಪ್ಪ ಬೆಂಗಳೂರಲ್ಲಿ ಇರೋದು, ಮಲಗೋಕೆ ಮಾತ್ರ ಇಲ್ಲಿಗೆ ಬರ್ತಾರೆ" ಅಂದ. ಮುಂದಿನ ತಿಂಗಳೇ ಚಿಕ್ಕಬಾಣಾವರಕ್ಕೆ ಮನೆ ಬದಲಾಯಿಸಿದೆ.

ಉತ್ತರ:
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಸಾರ್. ನಿಮ್ಮ ಮಗ ಹೇಳಿದ್ದೇ ಸರಿ. ಅಂದಹಾಗೆ ರೈಲು ನಂಬಿ ಬರುವವರಿಗೆ ಒಂದು ಸೂಚನೆ. ವಂದೇ ಭಾರತ್ ತುಮಕೂರಲ್ಲಿ ನಿಲ್ಲುತ್ತದೆ ಅಂತ ಜಾಹೀರಾತಿನಲ್ಲಿ ಹಾಕುತ್ತಾರೆ. ನಿಲ್ಲುವುದು ನಿಜ, ಅದರಲ್ಲಿ ತಿಂಗಳ ಪಾಸ್ ನಡೆಯುವುದಿಲ್ಲ. ಕ್ಯಾತಸಂದ್ರದಲ್ಲೂ ಸ್ಟೇಷನ್ ಇದೆ, ಎಲ್ಲ ರೈಲೂ ಅಲ್ಲಿ ನಿಲ್ಲುವುದಿಲ್ಲ. ನಿಮ್ಮ ಹೊತ್ತಿನ ರೈಲು ಎಲ್ಲಿ ನಿಲ್ಲುತ್ತದೆ ಅಂತ ನೋಡಿಕೊಂಡು ಮನೆ ಹಿಡಿಯಿರಿ.

ಇನ್ನೊಬ್ಬರ ಪ್ರಶ್ನೆ:
ಅಣ್ಣ, ದಾಬಸ್‌ಪೇಟೆ ಹತ್ತಿರ ಒಂದು ಲೇಔಟ್‌ನಲ್ಲಿ ಸೈಟ್ ತೋರಿಸಿದರು. ಶಿವಗಂಗೆ ಬೆಟ್ಟ ಚೆನ್ನಾಗಿ ಕಾಣುತ್ತದೆ. ತುಮಕೂರಿಗೆ ಮೆಟ್ರೋ ಬರುತ್ತದೆ, ಆಗ ರೇಟು ಡಬಲ್ ಅಂತಾರೆ. ಈಗ ಬಾಡಿಗೆಗೆ ಹೋಗುವ ಬದಲು ಅಲ್ಲೇ ಮನೆ ಕಟ್ಟಿಕೊಳ್ಳಲಾ?

ಉತ್ತರ:
ತಮ್ಮಾ, ಬೆಟ್ಟ ಎಲ್ಲೂ ಹೋಗುವುದಿಲ್ಲ, ನಿಧಾನವಾಗಿ ನೋಡು. ಮೆಟ್ರೋ ಹಸಿರು ಮಾರ್ಗ ನಾಗಸಂದ್ರದಿಂದ ಮಾದಾವರಕ್ಕೆ ಬಂದಿದ್ದು 2024ರ ನವೆಂಬರ್‌ನಲ್ಲಿ. ಮೂರು ಸ್ಟೇಷನ್, ಮೂರು ಕಿಲೋಮೀಟರ್ ಚಿಲ್ಲರೆ. ಅಷ್ಟಕ್ಕೇ ಎಷ್ಟು ವರ್ಷ ಕಾದೆವು ಅಂತ ತುಮಕೂರು ರಸ್ತೆಯವರನ್ನು ಕೇಳು. ಮುಂದಿನದು ಕಾಗದದ ಮೇಲಿದೆ. ಕಂಬ ಎದ್ದಿಲ್ಲದ ಮೆಟ್ರೋಗೆ ಈಗಲೇ ದುಡ್ಡು ಕೊಡಬೇಡ.

ಸೈಟಿನ ಕಾಗದ ನೋಡುವುದು ವಕೀಲರ ಕೆಲಸ, ಅವರಿಗೆ ಫೀಸು ಕೊಟ್ಟು ನೋಡಿಸು. ನಾನು ಹೇಳಬಹುದಾದದ್ದು ಇಷ್ಟು. ಗ್ರಾಮ ಪಂಚಾಯಿತಿಯ ಇ-ಸ್ವತ್ತು ಆಸ್ತಿ ದಾಖಲೆ, ಅಂದರೆ ಫಾರಂ 9 ಮತ್ತು 11 ಇದೆ ಅಂದ ಮಾತ್ರಕ್ಕೆ ಸಮಾಧಾನ ಆಗಬೇಡ. ಭೂಪರಿವರ್ತನೆ ಆಗಿದೆಯಾ, ಲೇಔಟ್ ನಕ್ಷೆಗೆ ಯೋಜನಾ ಪ್ರಾಧಿಕಾರದ ಮಂಜೂರಾತಿ ಇದೆಯಾ, ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಇದೆಯಾ, ಮೂರೂ ಕೇಳು. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇ.ಸಿ. ತೆಗೆಸು, ಅಂದರೆ ಆಸ್ತಿ ಮೇಲೆ ನೋಂದಣಿಯಾದ ವಹಿವಾಟು ತೋರಿಸುವ ಋಣಭಾರ ಪತ್ರ. ಸೈಟಿನ ಮೇಲೆ ನಿಂತುಕೊಂಡು ಮೊಬೈಲಿನಲ್ಲಿ ಸರ್ಕಾರದ ದಿಶಾಂಕ್ ಆ್ಯಪ್ ತೆರೆ. ನೀನು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ನನ್ನ ಪರಿಚಯದವರೊಬ್ಬರು ಹೀಗೇ ನಿಂತು ನೋಡಿದಾಗ ಕಾಗದದಲ್ಲಿದ್ದ ನಂಬರೇ ಬೇರೆ, ಕಾಲಡಿ ಇದ್ದ ನಂಬರೇ ಬೇರೆ. ಪಕ್ಕದಲ್ಲಿದ್ದ ಏಜೆಂಟು ನೆಟ್‌ವರ್ಕ್ ಸರಿ ಇಲ್ಲ ಅಂದನಂತೆ.

ನಿನ್ನ ಕೆಲಸ ಏರ್‌ಪೋರ್ಟ್ ಕಡೆ ಅಂತಾದರೆ ಮಾತ್ರ ದಾಬಸ್‌ಪೇಟೆಗೆ ಅರ್ಥ ಇದೆ. ಅಲ್ಲಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಗೆ ಸ್ಯಾಟಲೈಟ್ ರಿಂಗ್ ರೋಡ್ ಇದೆ. ಬೆಂಗಳೂರಿನ ಒಳಗೆ ಕಾಲಿಡದೆ ಹೋಗಬಹುದು.

ಇನ್ನೊಬ್ಬರ ಪ್ರಶ್ನೆ:
ತುಮಕೂರಲ್ಲಿ ನೀರಿನ ಕಥೆ ಹೇಳಿ ಸಾರ್. ಮನೆ ತೋರಿಸುವಾಗ ಎಲ್ಲ ಓನರೂ "ನೀರಿಗೇನೂ ತೊಂದರೆ ಇಲ್ಲ" ಅಂತಾರೆ.

ಉತ್ತರ:
ಅಂತಾರೆ, ನಾನೂ ಅಂದಿದ್ದೇನೆ! ನಮ್ಮ ಊರಿಗೆ ಕುಡಿಯುವ ನೀರು ಬರುವುದು ಬುಗುಡನಹಳ್ಳಿ ಕೆರೆಯಿಂದ, ಆ ಕೆರೆ ತುಂಬುವುದು ಹೇಮಾವತಿ ನಾಲೆಯಿಂದ. ಗೊರೂರು ಡ್ಯಾಮಲ್ಲಿ ನೀರು ಕಮ್ಮಿ ಆದ ವರ್ಷ ನಮ್ಮ ನಲ್ಲಿಗೂ ಗೊತ್ತಾಗುತ್ತದೆ. ಹಾಗಾಗಿ ಓನರನ್ನು ಕೇಳಬೇಡಿ. ಎದುರು ಮನೆಯ ಹೆಂಗಸರನ್ನು "ಹೇಮಾವತಿ ನೀರು ಎಷ್ಟು ದಿನಕ್ಕೊಮ್ಮೆ ಬಿಡ್ತಾರೆ, ಎಷ್ಟು ಹೊತ್ತಿಗೆ?" ಅಂತ ಕೇಳಿ. ಒಂದೇ ಏರಿಯಾದಲ್ಲಿ ಮೇಲಿನ ಬೀದಿಗೂ ಕೆಳಗಿನ ಬೀದಿಗೂ ವ್ಯತ್ಯಾಸ ಇರುತ್ತದೆ. ಆಮೇಲೆ ಸಂಪಿನ ಮುಚ್ಚಳ ತೆಗೆಸಿ, ಆಳ ನೋಡಿ. ಬಚ್ಚಲ ಮನೆಯ ನಲ್ಲಿ, ಗೀಸರ್ ಪೈಪ್ ಸುತ್ತ ಬಿಳಿ ಕಟ್ಟಿದ್ದರೆ ಆ ಮನೆ ನಡೆಯುತ್ತಿರುವುದು ಬೋರ್‌ವೆಲ್ ಮೇಲೆ ಅಂತ ತಿಳಿಯಿರಿ. ಸುಣ್ಣ ಬಳಿದು ಗೋಡೆ ಹೊಸದು ಮಾಡುತ್ತಾರೆ, ನಲ್ಲಿ ಉಜ್ಜುವುದು ಮರೆಯುತ್ತಾರೆ.

ಭೋಗ್ಯಕ್ಕೆ ಹೋಗುವವರು ಇನ್ನೊಂದು ನೋಡಿ. ಓನರ್ ಆ ಮನೆ ಮೇಲೆ ಬ್ಯಾಂಕ್ ಸಾಲ ತೆಗೆದಿದ್ದರೆ, ನಾಳೆ ಕಂತು ಕಟ್ಟದೆ ಹೋದರೆ, ಬ್ಯಾಂಕಿನವರು ಬಂದು ಬಾಗಿಲಿಗೆ ನೋಟಿಸ್ ಅಂಟಿಸಿದಾಗ ನಿಮ್ಮ ಲಕ್ಷಗಟ್ಟಲೆ ದುಡ್ಡಿಗೆ ಸುಮ್ನೆ ಬರೆದ ಛಾಪಾ ಕಾಗದ ಹಿಡಿದುಕೊಂಡು ಓಡಾಡಬೇಕಾಗುತ್ತದೆ, ಇದನ್ನು ಕಣ್ಣಾರೆ ನೋಡಿದ್ದೇನೆ. ಇ.ಸಿ. ನೋಡಿ, ಕರಾರು ರಿಜಿಸ್ಟರ್ ಮಾಡಿಸಿ.

ಮೊದಲು ಕೇಳಿದವರು:
ಅಣ್ಣ, ಯಜಮಾನರು ವಿಚಾರಿಸಿದರು. ಕಂಪನಿ ಬಸ್ಸು ನೆಲಮಂಗಲ ದಾಟಿ ತುಮಕೂರು ಕಡೆಗೆ ಬರುವುದಿಲ್ಲವಂತೆ. ಏಪ್ರಿಲ್ ಆದ ಮೇಲೆ ಜನರಲ್ ಶಿಫ್ಟ್ ಕೇಳಿ ನೋಡುತ್ತೇನೆ ಅಂದಿದ್ದಾರೆ. ಅಲ್ಲಿಯವರೆಗೆ ದಾಸರಹಳ್ಳಿಯಲ್ಲೇ ಇದ್ದು ನಾನೇ ಓಡಾಡುತ್ತೇನೆ. ಇವತ್ತು ಮಾದಾವರದಲ್ಲಿ ಬಸ್ಸು ಹಿಡಿದೆ, ಕಿಟಕಿ ಸೀಟೇ ಸಿಕ್ಕಿತು. ಒಂದೇ ಸಮಸ್ಯೆ. ಕ್ಯಾತಸಂದ್ರ ಅಂದ ತಕ್ಷಣ ನಮ್ಮತ್ತೆ "ಮಠ ಹತ್ತಿರ ಅಲ್ವಾ, ಈಗಲೇ ಹೋಗೋಣ" ಅಂತ ಶುರು ಮಾಡಿದ್ದಾರೆ.

ಉತ್ತರ:
ಒಂದು ಭಾನುವಾರ ಅವರನ್ನೂ ಕರೆದುಕೊಂಡು ಬನ್ನಿ ಅಕ್ಕ. ನೆಲಮಹಡಿಯ ಮನೆ ಎರಡು ಇವೆ, ಮಾರ್ಚ್ ಕೊನೆಗೆ ಖಾಲಿ ಆಗುತ್ತವೆ. ಸಂಪಿನ ಮುಚ್ಚಳ ತೆಗೆಸಿಟ್ಟಿರುತ್ತೇನೆ.