ಡಯಾಲಿಸಿಸ್ ಮಾವನವರಿಗೆ ಎಳನೀರು, ಬಸ್ಸಾರು: ಅತ್ತೆಗೆ ಹೇಗೆ ಹೇಳೋದು?

ಮಂಡ್ಯ_ಸೊಸೆ:
ಮಾವನವರಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ತೂಕ 58 ಕೆಜಿ, ಮೂತ್ರ ದಿನಕ್ಕೆ 300 ಮಿ.ಲೀ. ಈ ಸಲ ರಕ್ತದಲ್ಲಿ ಪೊಟ್ಯಾಸಿಯಂ 6.1, ಇರಬೇಕಾದ್ದಕ್ಕಿಂತ ಜಾಸ್ತಿ. ಡಯಟಿಷಿಯನ್ ಕೊಟ್ಟ ಪಟ್ಟಿ ಫ್ರಿಜ್ ಮೇಲಿದೆ, ಅತ್ತೆ ಕಣ್ಣೆತ್ತಿಯೂ ನೋಡಲ್ಲ. "ಕಿಡ್ನಿಗೆ ತಂಪು" ಅಂತ ದಿನಾ ಎಳನೀರು, ಮಧ್ಯೆ ಮಧ್ಯೆ ಸೊಪ್ಪಿನ ಬಸ್ಸಾರು. ನೋಡೋಕೆ ಬಂದವರು ಬಾಳೆಹಣ್ಣು, ಮೂಸಂಬಿ ತರ್ತಾರೆ.

ಉಪ್ಪುಕಮ್ಮಿ:
6.1 ಅನ್ನು ಡಾಕ್ಟರಿಗೆ ಇವತ್ತೇ ತಿಳಿಸಿ. ಕೈಕಾಲು ಸೋತರೆ, ಎದೆಬಡಿತ ಏರುಪೇರಾದರೆ ಕಾಯದೆ ಎಮರ್ಜೆನ್ಸಿಗೆ ಹೋಗಿ. ಏನೂ ತೋರದೆಯೂ ಹೃದಯ ನಿಲ್ಲಬಹುದು.

ಎಳನೀರಲ್ಲಿ 100 ಮಿ.ಲೀ.ಗೆ ಸುಮಾರು 250 ಮಿ.ಗ್ರಾಂ ಪೊಟ್ಯಾಸಿಯಂ. ಒಂದು ಕಾಯಿಗೆ 300 ಮಿ.ಲೀ. ಅಂದ್ರೂ 750. ಇಂಥವರಿಗೆ ದಿನವಿಡೀ ಸಿಗೋ ಮಿತಿಯೇ ಸಾಮಾನ್ಯವಾಗಿ 2,000ದ ಆಸುಪಾಸು. "ಎಳನೀರು ಕೆಟ್ಟದ್ದು" ಅಂದ್ರೆ ಅತ್ತೆ ಜಗಳಕ್ಕೆ ನಿಲ್ತಾರೆ. "ಮೂತ್ರ ಚೆನ್ನಾಗಿ ಹೋಗೋರಿಗೆ ಸರಿ, ಇವರಿಗೆ ಹೊರಗೆ ಹೋಗೋ ದಾರಿ ಇಲ್ಲ" ಅನ್ನಿ.

ಬಸ್ಸಾರಿನ ತೊಂದರೆ ಕಟ್ಟಿನಲ್ಲಿದೆ. ಸೊಪ್ಪು, ಕಾಳಿನ ಪೊಟ್ಯಾಸಿಯಂ ಬಸಿದ ನೀರಿಗೆ ಇಳಿಯುತ್ತೆ, ಸಾರು ಆಗೋದು ಅದರಿಂದಲೇ. ಇವರಿಗೆ ಸಣ್ಣ ಬಟ್ಟಲು ಪಲ್ಯ, ಸಾರು ಮಿಕ್ಕವರಿಗೆ. ಬೇರೆ ಒಲೆ ಹಚ್ಚೋದು ಬೇಡ.

ಹೀರೇಕಾಯಿ:
ತರಕಾರಿ ಸಣ್ಣಗೆ ಹೆಚ್ಚಿ, ಬೆಚ್ಚಗಿನ ನೀರಲ್ಲಿ 2 ಗಂಟೆ ನೆನೆಸಿ, ಚೆಲ್ಲಿ. ಹೊಸ ನೀರು ಧಾರಾಳ ಹಾಕಿ ಬೇಯಿಸಿ ಬಸಿಯಿರಿ. ಕುಕ್ಕರಿಗೆ ಅರ್ಧ ಲೋಟ ನೀರು ಹಾಕಿ ಅದನ್ನೇ ಪಲ್ಯಕ್ಕೆ ಇಂಗಿಸಿದ್ರೆ ಮಾಡಿದ್ದೆಲ್ಲ ದಂಡ. ಬಸಿದರೂ ಪೂರ್ತಿ ಹೋಗಲ್ಲ, ಆಲೂಗಡ್ಡೆ ದಿನಾ ಬೇಡ.

"ಲೋ ಸೋಡಿಯಂ" ಉಪ್ಪು ಮನೇಲಿದ್ರೆ ತೆಗೆದುಬಿಡಿ, ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತೆ. ಬರುವವರಿಗೆ ಸೇಬು ತನ್ನಿ ಅನ್ನಿ, ಅರ್ಧ ಹಣ್ಣು ಸಾಕು. ಕಮರಾಕ್ಷಿ ಹಣ್ಣು (ಸ್ಟಾರ್ ಫ್ರೂಟ್) ಮಾತ್ರ ಒಂದು ಹೋಳೂ ಬೇಡ: ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್‌ವರೆಗೂ ಹೋಗುತ್ತೆ.

ಮಂಡ್ಯ_ಸೊಸೆ:
ಮೊಟ್ಟೆ, ಬೇಳೆ? "ಪ್ರೋಟೀನ್ ಕಿಡ್ನಿಗೆ ಹೊರೆ" ಅಂತ ಅದನ್ನೂ ನಿಲ್ಲಿಸಿದ್ದಾರೆ.

ಉಪ್ಪುಕಮ್ಮಿ:
ಅದು ಡಯಾಲಿಸಿಸ್‌ಗೆ ಮುಂಚಿನ ಸಲಹೆ. ಈಗ ಯಂತ್ರ ಒಂದಷ್ಟು ಪ್ರೋಟೀನನ್ನೂ ಎಳೆದುಕೊಳ್ಳುತ್ತೆ. ಕೆಜಿಗೆ 1ರಿಂದ 1.2 ಗ್ರಾಂ, ಅಂದ್ರೆ ಇವರಿಗೆ 58–70 ಗ್ರಾಂ ಬೇಕು. ಮೊಟ್ಟೆ ಬಿಳಿ ಒಂದಕ್ಕೆ ಮೂರೂವರೆ ಗ್ರಾಂ, ಕಿಡ್ನಿ ಸೋತವರ ರಕ್ತದಲ್ಲಿ ಉಳಿದುಬಿಡೋ ಫಾಸ್ಫರಸ್ಸೂ ಅದರಲ್ಲಿ ಕಮ್ಮಿ.

ನೀರು: ಮೂತ್ರದ ಅಳತೆಗೆ 500 ಸೇರಿಸಿ, 800 ಮಿ.ಲೀ. ಕಾಫಿ, ಮಜ್ಜಿಗೆ, ಸಾರು ಎಲ್ಲವೂ ಅದರೊಳಗೇ. ಬೆಳಗ್ಗೆ ಬಾಟಲಿಗೆ 800 ತುಂಬಿಡಿ, ಕಾಫಿ ಕೊಟ್ಟಾಗ ಅಷ್ಟು ನೀರು ಬಾಟಲಿಯಿಂದ ಚೆಲ್ಲಲಿ. ಆ ಕೆಲಸ ಅತ್ತೆಯ ಕೈಗೇ ಕೊಡಿ.