ಲೈಪ್ಜಿಗ್‌ನಲ್ಲಿ ಬ್ಲೂಮ್‌ಸ್ಟೆಟ್ ಕಾರ್ಯಕ್ರಮ, ಬ್ರುಕ್ನರ್ ಏಳನೇ ಸಿಂಫನಿ: ಮೊದಲ ಸಲ ಹೋಗುವವರು ಎಲ್ಲಿ ಕೂರಬೇಕು, ಏನು ಕೇಳಬೇಕು?

ತುಂಗಾ_ತೀರ

ಎಲ್ಲರಿಗೂ ನಮಸ್ಕಾರ. ಓದಲು ಜರ್ಮನಿಯ ಲೈಪ್ಜಿಗ್‌ಗೆ ಬಂದಿದ್ದೇನೆ. ಮನೆಯಲ್ಲಿ ಕರ್ನಾಟಕ ಸಂಗೀತ ಕೇಳಿಕೊಂಡೇ ಬೆಳೆದವಳು, ರಾಮನವಮಿ ಬಂತೆಂದರೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಕಚೇರಿಗಳಿಗೆ ಮನೆಮಂದಿಯೆಲ್ಲ ಹೋಗುತ್ತಿದ್ದೆವು. ಆದರೆ ಪಾಶ್ಚಾತ್ಯ ಆರ್ಕೆಸ್ಟ್ರಾವನ್ನು ಎದುರಿಗೆ ಕೂತು ಕೇಳಿದ್ದೇ ಇಲ್ಲ. ಈಗ ಇಲ್ಲಿನ ಸಂಗೀತ ಸಭಾಂಗಣ ಗೆವಾಂಡ್‌ಹೌಸ್‌ನಲ್ಲಿ ಹರ್ಬರ್ಟ್ ಬ್ಲೂಮ್‌ಸ್ಟೆಟ್ ನಡೆಸುವ, ಆಸ್ಟ್ರಿಯದ ರಚನೆಕಾರ ಬ್ರುಕ್ನರ್ ಆರ್ಕೆಸ್ಟ್ರಾಗೆಂದು ಬರೆದ ದೊಡ್ಡ ಕೃತಿ, ಏಳನೇ ಸಿಂಫನಿ ಇದೆ. ಬ್ಲೂಮ್‌ಸ್ಟೆಟ್ ಹುಟ್ಟಿದ್ದು 1927ರಲ್ಲಂತೆ! ಹೋಗಲೇಬೇಕು ಅನ್ನಿಸಿದೆ.

ನನ್ನ ಅನುಮಾನ ಇಷ್ಟು. ನಮ್ಮ ಕಚೇರಿಯಲ್ಲಿ ತಾಳ ಹಾಡುವವರ ತೊಡೆಯ ಮೇಲೂ ಇರುತ್ತದೆ, ಕೇಳುವವರ ಕೈಯಲ್ಲೂ ಇರುತ್ತದೆ, ಮೃದಂಗದವರಿಗೆ ಎದುರು ನಿಂತು ಕೈ ಬೀಸುವವರು ಬೇಕಿಲ್ಲ. ಇಲ್ಲಿ ನೂರು ಜನರ ಮುಂದೆ ಒಂದೂ ವಾದ್ಯ ನುಡಿಸದ ಒಬ್ಬರು ನಿಜಕ್ಕೂ ಏನು ಮಾಡುತ್ತಾರೆ? ಅದನ್ನು ನಾನು ನೋಡಿ ತಿಳಿಯಬಹುದಾ? ಆರ್ಕೆಸ್ಟ್ರಾದ ಹಿಂದೆ, ಆರ್ಗನ್ ಎಂಬ ದೊಡ್ಡ ಕೊಳವೆ ವಾದ್ಯದ ಕೆಳಗಿನ ಸಾಲುಗಳಲ್ಲೂ ಸೀಟು ಇದೆ, ಎದುರಿನ ಒಳ್ಳೆಯ ಸೀಟಿಗಿಂತ ಕಡಿಮೆ ಬೆಲೆ. ಯಾವುದು ತಗೊಳ್ಳಲಿ?

ಎಲ್ಸ್ಟರ್_ದಂಡೆ

ಹಿಂದಿನ ಸೀಟು ತಗೊಳ್ಳಿ. ನಾನಂತೂ ಬ್ಲೂಮ್‌ಸ್ಟೆಟ್ ಬಂದರೆ ಅಲ್ಲೇ ಕೂರುವುದು. ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದೂ ಅಲ್ಲೇ, ಯಾಕೆಂದರೆ ಎದುರು ಕೂತರೆ ಕಾಣುವುದು ಬೆನ್ನು ಮಾತ್ರ.

ಮೊದಲು ಒಂದು ಮಾತು. ಹೀಗೆ ಎದುರು ನಿಂತು ಆರ್ಕೆಸ್ಟ್ರಾ ನಡೆಸುವ ಕಂಡಕ್ಟರ್ ಕೆಲಸದ ದೊಡ್ಡ ಪಾಲು ರಿಹರ್ಸಲ್‌ನಲ್ಲೇ ಮುಗಿದಿರುತ್ತದೆ. ಯಾವ ಸ್ವರ ಎಷ್ಟು ಉದ್ದ, ಯಾರು ಯಾರಿಗೆ ದಾರಿ ಬಿಡಬೇಕು, ಒಂದು ಏರಿಕೆ ಎಲ್ಲಿಂದ ಶುರುವಾಗಿ ಎಲ್ಲಿ ತುದಿ ಮುಟ್ಟಬೇಕು, ಇದೆಲ್ಲ ಆ ದಿನಗಳಲ್ಲಿ ತೀರ್ಮಾನ ಆಗಿರುತ್ತದೆ. ಸಂಜೆ ಅವರು ಮಾಡುವುದು ಅದನ್ನು ನೆನಪಿಸುವುದು, ಮತ್ತೆ ಆ ಕ್ಷಣಕ್ಕೆ ಬೇಕಾದಷ್ಟು ಬಿಗಿ ಅಥವಾ ಸಡಿಲ ಮಾಡುವುದು. ಬ್ಲೂಮ್‌ಸ್ಟೆಟ್ ಬಹಳ ಕಾಲದಿಂದ ಕೋಲು ಹಿಡಿಯದೆ ಬರಿಗೈಯಲ್ಲೇ ನಡೆಸುತ್ತಾರೆ. 2022ರಲ್ಲಿ ಬಿದ್ದ ಮೇಲೆ ಕೂತೇ ನಡೆಸುತ್ತಾರೆ, ವೇದಿಕೆಗೆ ಬರುವಾಗ ಮೊದಲ ಪಿಟೀಲಿನವರು ತೋಳು ಕೊಟ್ಟು ಕರೆತರುತ್ತಾರೆ. ಕೂತ ಮೇಲೆ ಆ ಮುಖ ನೋಡಬೇಕು! ಮುಂದಿನ ಸಾಲು ನುಡಿಸಬೇಕಾದವರ ಕಡೆಗೆ ಒಂದೆರಡು ಕ್ಷಣ ಮೊದಲೇ ಕಣ್ಣು ಹೋಗಿರುತ್ತದೆ, ಹುಬ್ಬು ಸ್ವಲ್ಪ ಏರುತ್ತದೆ, ಬೆರಳು ಅಷ್ಟೇ ಅಲುಗುತ್ತದೆ, ಅಷ್ಟರಲ್ಲಿ ಇಡೀ ಚೆಲ್ಲೋ (ತಗ್ಗಿನ ದನಿಯ ದೊಡ್ಡ ಪಿಟೀಲಿನಂಥ ವಾದ್ಯ) ಸಾಲಿನ ದನಿ ಬೇರೆಯಾಗಿರುತ್ತದೆ. ಮೈ ಕುಣಿಸುವ ಕಂಡಕ್ಟರ್‌ಗಳನ್ನೂ ನೋಡಿದ್ದೇನೆ, ಅದೂ ಚಂದವೇ, ಆದರೆ ಕಂಡಕ್ಟರ್ ಏನು ಮಾಡುತ್ತಾರೆ ಅಂತ ಕಲಿಯಬೇಕಿದ್ದರೆ ಕಡಿಮೆ ಅಲುಗಾಡುವವರನ್ನು ನೋಡಬೇಕು.

ಇನ್ನೊಂದು ವಿಷಯ, ಇದು ಅವರಿಗೆ ಹೊಸ ಆರ್ಕೆಸ್ಟ್ರಾ ಅಲ್ಲ. 1998ರಿಂದ 2005ರವರೆಗೆ ಇಲ್ಲಿನ ಮುಖ್ಯ ಕಂಡಕ್ಟರ್ ಆಗಿದ್ದರು. ಅದಕ್ಕೂ ಮೊದಲು ಡ್ರೆಸ್ಡನ್‌ನಲ್ಲಿ ಹತ್ತು ವರ್ಷ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹತ್ತು ವರ್ಷ. ಪಿಟೀಲುಗಳ ಎರಡನೇ ಗುಂಪನ್ನು ಮೊದಲ ಗುಂಪಿನ ಪಕ್ಕಕ್ಕೆ ಹಾಕದೆ ಎದುರು ಬದಿಗೆ ಕೂರಿಸುತ್ತಾರೆ. ಹಾಗಾಗಿ ಒಂದು ಗುಂಪು ಕೇಳಿದ್ದಕ್ಕೆ ಇನ್ನೊಂದು ಗುಂಪು ಉತ್ತರ ಕೊಡುವುದು ಸಭೆಯ ಈ ತುದಿಯಿಂದ ಆ ತುದಿಗೆ ಹೋಗಿಬರುತ್ತದೆ. ರೆಕಾರ್ಡಿಂಗ್‌ನಲ್ಲಿ ಇದು ಅರ್ಧವೂ ಸಿಗುವುದಿಲ್ಲ.

ಅವರು ಶನಿವಾರವನ್ನು ವಿಶ್ರಾಂತಿಯ ದಿನವಾಗಿ ಆಚರಿಸುವ ಸೆವೆಂತ್ ಡೇ ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಪಂಗಡದವರು, ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಶನಿವಾರ ಸಂಜೆಯವರೆಗೆ ರಿಹರ್ಸಲ್ ಮಾಡುವುದಿಲ್ಲ. ಕಾರ್ಯಕ್ರಮ ಮಾತ್ರ ನಡೆಸುತ್ತಾರೆ, ಅದು ಅವರಿಗೆ ದುಡಿಮೆಯಲ್ಲ, ಆರಾಧನೆ. ಈ ಸಿಂಫನಿಯ ನಿಧಾನದ ಎರಡನೇ ಭಾಗ ನುಡಿಸುವಾಗ ಇದು ಬರೀ ಮಾತಲ್ಲ ಅಂತ ನಿಮಗೇ ಗೊತ್ತಾಗುತ್ತದೆ.

ಪಿಟೀಲು_ಪ್ರಿಯ

ಸೀಟಿನ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಮೊದಲ ಸಲ ಹೋಗುವವರನ್ನು ಹಿಂದೆ ಕೂರಿಸಬೇಡಿ. ಈ ಸಿಂಫನಿಯಲ್ಲಿ ಹಾರ್ನ್, ಟ್ರಂಪೆಟ್, ಟ್ರೊಂಬೋನ್‌ನಂಥ ಊದುವ ಹಿತ್ತಾಳೆ ವಾದ್ಯಗಳು ಜಾಸ್ತಿ. ಜೊತೆಗೆ ವಾಗ್ನರ್ ಟ್ಯೂಬಾ ಎಂಬ ಅಂಥದ್ದೇ ವಾದ್ಯ ನಾಲ್ಕು. ಇವರೆಲ್ಲ ಹಿಂದಿನ ಸೀಟಿಗೆ ಹತ್ತಿರವೇ ಇರುತ್ತಾರೆ. ಪಿಟೀಲುಗಳು ದೂರ, ಅವುಗಳ ದನಿ ಎದುರಿನವರ ಕಡೆ ಹೋಗುತ್ತದೆ. ಮುಖ ಕಾಣುತ್ತದೆ ನಿಜ, ಆದರೆ ಸಂಗೀತ ಒಂದು ಕಡೆ ವಾಲಿದಂತೆ ಕೇಳುತ್ತದೆ. ಗೆವಾಂಡ್‌ಹೌಸ್‌ನ ದೊಡ್ಡ ಸಭಾಂಗಣ ಸುಮಾರು 1900 ಜನ ಕೂರುವಂಥದ್ದು, ಎಲ್ಲೂ ಮೈಕ್ ಹಾಕುವುದಿಲ್ಲ. ಕಚೇರಿಯನ್ನು ಸ್ಪೀಕರ್‌ನಲ್ಲಿ ಕೇಳಿ ಅಭ್ಯಾಸ ಇರುವ ಕಿವಿಗೆ, ಅಷ್ಟು ಜನ ಒಟ್ಟಿಗೆ ಬಹಳ ಮೆಲ್ಲಗೆ ನುಡಿಸುವ ದನಿ ಎಲ್ಲ ಕಡೆಯಿಂದ ಸಮವಾಗಿ ಬಂದು ತಾಗಬೇಕು. ಅದೇ ದೊಡ್ಡ ಅನುಭವ. ಎದುರಿಗೆ, ಸ್ವಲ್ಪ ಮೇಲೆ ಕೂತರೆ ಅದು ಸಿಗುತ್ತದೆ.

ಒಂದು ಸಲ ಮುಂಚಿತವಾಗಿ ಪೂರ್ತಿ ಕೇಳಿಕೊಂಡು ಹೋಗಿ. ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಆಗುತ್ತದೆ, ನಾಲ್ಕು ಭಾಗ. ಶುರುವಿನಲ್ಲಿ ಪಿಟೀಲುಗಳು ಮೆಲ್ಲಗೆ ನಡುಗುತ್ತಿರುತ್ತವೆ, ಅದರ ಕೆಳಗಿಂದ ಚೆಲ್ಲೋಗಳು ಒಂದು ಉದ್ದನೆಯ ರಾಗವನ್ನು ಎತ್ತಿಕೊಂಡು ಬರುತ್ತವೆ. ಆ ರಾಗ ನೆನಪಿಟ್ಟುಕೊಳ್ಳಿ, ಕೊನೆಯ ಭಾಗ ಶುರುವಾಗುವುದೂ ಅದರದ್ದೇ ರೂಪದಿಂದ, ಅಲ್ಲಿ ಕುಣಿಯುವ ಹಾಗೆ ಬರುತ್ತದೆ. ಮೊದಲ ಭಾಗದಲ್ಲಿ ದೊಡ್ಡ ನಗಾರಿಯವರನ್ನು ಗಮನಿಸಿ. ಭಾಗ ಪೂರ್ತಿ ಸುಮ್ನೆ ಕೂತಿರುತ್ತಾರೆ. ಕೊನೆಗೆ ಒಂದೇ ಸ್ವರವನ್ನು ಮೆತ್ತಗೆ ಉರುಳಿಸಲು ಶುರು ಮಾಡುತ್ತಾರೆ, ನೆಲವೇ ಸರಿದಂತಾಗುತ್ತದೆ.

ಎರಡನೇ ಭಾಗವನ್ನು ಬ್ರುಕ್ನರ್ ಬರೆಯುತ್ತಿದ್ದಾಗಲೇ ಅವರು ದೇವರಂತೆ ಕಾಣುತ್ತಿದ್ದ ರಚನೆಕಾರ ವಾಗ್ನರ್ ತೀರಿಕೊಂಡರು, 1883ರ ಫೆಬ್ರವರಿಯಲ್ಲಿ. ಸುದ್ದಿ ಬಂದ ಮೇಲೆ ಬರೆದದ್ದು ಆ ಭಾಗದ ಕೊನೆಯಲ್ಲಿದೆ, ವಾಗ್ನರ್ ಟ್ಯೂಬಾಗಳ ಶೋಕ. ಅದಕ್ಕೂ ಮೊದಲು ಎತ್ತರದ ತುದಿ ಮುಟ್ಟುವ ಜಾಗದಲ್ಲಿ ಕೆಲವು ಕಂಡಕ್ಟರ್‌ಗಳು ಒಂದು ಸಿಂಬಲ್ (ದೊಡ್ಡ ತಾಳದಂಥ ವಾದ್ಯ) ಹೊಡೆತ ಹಾಕಿಸುತ್ತಾರೆ, ಕೆಲವರು ಬಿಡುತ್ತಾರೆ. ಬ್ರುಕ್ನರ್‌ಗೆ ಅದು ಬೇಕಿತ್ತೋ ಇಲ್ಲವೋ ಅಂತ ಇವತ್ತಿಗೂ ಜಗಳ ಇದೆ. ನಿಮ್ಮ ಸಂಜೆ ಯಾವುದು ಅಂತ ನೋಡಿ ಬಂದು ಹೇಳಿ.

ಅಂದಹಾಗೆ ಈ ಸಿಂಫನಿ ಮೊದಲು ನುಡಿಸಿದ್ದು ಲೈಪ್ಜಿಗ್‌ನಲ್ಲೇ, 1884ರ ಡಿಸೆಂಬರ್ 30ರಂದು, ಆರ್ಥರ್ ನಿಕಿಶ್ ನಡೆಸಿದ್ದರು. ಬ್ರುಕ್ನರ್‌ಗೆ ಆಗ ಅರವತ್ತು ವರ್ಷ. ದೊಡ್ಡ ಹೆಸರು ಬಂದದ್ದು ಅಲ್ಲಿಂದ ಆಚೆಗೆ.

ಒಂಟಿಕೊಪ್ಪಲು

ಸೀಟಿನ ಚರ್ಚೆಗೆ ನಾನು ಬರುವುದಿಲ್ಲ, ಮೈಸೂರಿನವನಾಗಿ ಒಂದು ವಿಷಯ ಹೇಳಬೇಕು. ಈ ಸಂಗೀತ ನಮಗೆ ದೂರದ್ದು ಅಂದುಕೊಳ್ಳಬೇಡಿ. ಜಯಚಾಮರಾಜೇಂದ್ರ ಒಡೆಯರ್ ಕರ್ನಾಟಕ ಸಂಗೀತದಲ್ಲಿ 94 ಕೃತಿ ರಚಿಸಿದವರು, ಅವರೇ 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು. ಜರ್ಮನ್ ರಚನೆಕಾರ ರಿಚರ್ಡ್ ಸ್ಟ್ರೌಸ್ ಬರೆದ ಕೊನೆಯ ನಾಲ್ಕು ಹಾಡುಗಳನ್ನು ಮೊದಲ ಸಲ 1950ರ ಮೇ 22ರಂದು ಲಂಡನ್ನಿನಲ್ಲಿ ಹಾಡಿದಾಗ ಆ ಕಾರ್ಯಕ್ರಮಕ್ಕೆ ಹಣದ ಭರವಸೆ ಕೊಟ್ಟವರೂ ಅವರೇ. ನಡೆಸಿದ್ದು ಫುರ್ಟ್‌ವೆಂಗ್ಲರ್, ಹಾಡಿದ್ದು ಕಿರ್ಸ್ಟನ್ ಫ್ಲಾಗ್‌ಸ್ಟಾಡ್. ರಷ್ಯದ ರಚನೆಕಾರ ಮೆಟ್ನರ್ ತಮ್ಮ ಮೂರನೇ ಪಿಯಾನೋ ಕಂಚೆರ್ಟೊವನ್ನು (ಪಿಯಾನೋ ಮತ್ತು ಆರ್ಕೆಸ್ಟ್ರಾಗೆಂದು ಬರೆದ ಕೃತಿ) ಅರ್ಪಿಸಿದ್ದು ನಮ್ಮ ಮಹಾರಾಜರಿಗೆ. ನಮ್ಮ ಊರಿನಲ್ಲೇ ಬಹಳ ಜನಕ್ಕೆ ಇದು ತಿಳಿದಿಲ್ಲ, ಬೇಸರ ಆಗುತ್ತದೆ.

ಭಾರತದಲ್ಲೇ ಇರುವವರು ಹಿರಿಯ ಕಂಡಕ್ಟರ್‌ಗಳನ್ನು ನೋಡಬೇಕಿದ್ದರೆ ಮುಂಬೈ ಮೇಲೆ ಕಣ್ಣಿಟ್ಟಿರಿ. 1936ರಲ್ಲಿ ಅಲ್ಲೇ ಹುಟ್ಟಿದ ಜುಬಿನ್ ಮೆಹ್ತಾ 2023ರ ಆಗಸ್ಟ್‌ನಲ್ಲಿ ಅಲ್ಲಿನ ಕಲಾಕೇಂದ್ರ ಎನ್‌ಸಿಪಿಎಗೆ ಬಂದು ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾವನ್ನು ನಡೆಸಿದರು. ಬೆಂಗಳೂರಿನಲ್ಲಿ ಅಂಥ ಒಂದು ಸಭಾಂಗಣ ಯಾಕಿಲ್ಲ ಅಂತ ನಾವು ಕೇಳಲೇಬೇಕು.

ಕಾವೇರಿ_ಕಣಿವೆ

ಒಂದು ಮಾತು. ಬ್ಲೂಮ್‌ಸ್ಟೆಟ್‌ಗೆ ವಯಸ್ಸಾಗಿದೆ, ಇನ್ನೆಷ್ಟು ದಿನ, ಒಮ್ಮೆ ನೋಡಿಬಿಡೋಣ ಅಂತ ಮಾತ್ರ ಹೋಗಬೇಡಿ. ಸಭೆಯಲ್ಲಿ ಹಾಗೆ ಬಂದವರು ಇರುತ್ತಾರೆ, ಬ್ಲೂಮ್‌ಸ್ಟೆಟ್ ವೇದಿಕೆಗೆ ಬರುತ್ತಿದ್ದಂತೆ ಎದ್ದು ಚಪ್ಪಾಳೆ ತಟ್ಟುತ್ತಾರೆ, ತಪ್ಪಲ್ಲ. ಆದರೆ ಬ್ಲೂಮ್‌ಸ್ಟೆಟ್ ಕೈಯಲ್ಲಿ ಬ್ರುಕ್ನರ್ ಮುದಿಯಾಗಿ ಕೇಳುವುದಿಲ್ಲ, ಸುಮ್ಮನೆ ಎಳೆಯುವುದಿಲ್ಲ, ಮುಂದೆ ಸಾಗುತ್ತಲೇ ಇರುತ್ತದೆ. ಅದಕ್ಕಾಗಿ ಹೋಗಿ. ಮತ್ತೆ ಅದೇ ಆರ್ಕೆಸ್ಟ್ರಾವನ್ನು 2018ರಲ್ಲಿ ಮುಖ್ಯ ಕಂಡಕ್ಟರ್ ಆಗಿ ಬಂದ ಆಂಡ್ರಿಸ್ ನೆಲ್ಸನ್ಸ್ ನಡೆಸಿದ್ದನ್ನೂ ಕೇಳಿ. ಒಂದೇ ಆರ್ಕೆಸ್ಟ್ರಾ ಇಬ್ಬರ ಕೈಯಲ್ಲಿ ಹೇಗೆ ಬೇರೆಯಾಗುತ್ತದೆ ಅಂತ ಗೊತ್ತಾದರೆ ನಿಮ್ಮ ಪ್ರಶ್ನೆಗೆ ಇನ್ನೊಬ್ಬರ ಉತ್ತರ ಬೇಕಾಗುವುದಿಲ್ಲ.

ಭಾಗಗಳ ನಡುವೆ ಚಪ್ಪಾಳೆ ಇಲ್ಲ. ಭೇಷ್ ಅನ್ನುವಂತಿಲ್ಲ, ತೊಡೆ ಮೇಲೆ ತಾಳವೂ ಬೇಡ. ಕೊನೆಯಲ್ಲಿ ಕಂಡಕ್ಟರ್ ಕೈ ಪೂರ್ತಿ ಇಳಿಯುವವರೆಗೆ ಕಾಯಿರಿ.

ತುಂಗಾ_ತೀರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಹಾರಾಜರ ವಿಷಯ ಅಮ್ಮನಿಗೆ ಈಗಲೇ ಫೋನ್ ಮಾಡಿ ಹೇಳಿದೆ, ಅವರಿಗೂ ಗೊತ್ತಿರಲಿಲ್ಲ. ಇನ್ನೊಂದು ದಿನವೂ ಇದೇ ಕಾರ್ಯಕ್ರಮ ಇದೆ, ಹಾಗಾಗಿ ಮೊದಲ ದಿನ ಎದುರಿಗೆ ಕೂತು ಕೇಳುತ್ತೇನೆ, ಎರಡನೇ ದಿನ ಹಿಂದೆ ಕೂತು ಮುಖ ನೋಡುತ್ತೇನೆ. ಎಲ್ಸ್ಟರ್_ದಂಡೆ ಅವರೇ, ಹಿಂದಿನ ಸಾಲುಗಳಲ್ಲಿ ನಡುವೆ ಕೂರುವುದು ಒಳ್ಳೆಯದಾ, ಪಕ್ಕಕ್ಕಾ? ನಡುವೆ ಇನ್ನು ನಾಲ್ಕೈದೇ ಸೀಟು ಉಳಿದಿವೆ.

ಎಲ್ಸ್ಟರ್_ದಂಡೆ

ನಡುವೆ ಬೇಡ, ಪಕ್ಕಕ್ಕೆ ತಗೊಳ್ಳಿ. ಅಲ್ಲಿಂದ ಮುಖವೂ ಕಾಣುತ್ತದೆ, ಹಿತ್ತಾಳೆ ವಾದ್ಯಗಳ ಅಬ್ಬರವೂ ಸ್ವಲ್ಪ ಕಡಿಮೆ.